ಉದ್ಯಮ ಯಾರ ಹುಟ್ಟುಗುಣವೂ ಅಲ್ಲ

ವ್ಯಾಪಾರ ರಕ್ತದಲ್ಲೇ ಬರಬೇಕು ಎಂಬ ಮಾತನ್ನು ಅರವತ್ತು ವರ್ಷಗಳ ಸಂಶೋಧನೆ ಒಪ್ಪುತ್ತಿಲ್ಲ. ಹೊಸ ಉದ್ಯಮಗಳು ನಿಜಕ್ಕೂ ಹೇಗೆ ಹುಟ್ಟುತ್ತವೆ? ಕಾಕಿನಾಡ, ಲೋಮೆ, ಅಹಮದಾಬಾದ್, ಮೈಸೂರುಗಳಲ್ಲಿ ವಿದ್ವಾಂಸರು ಕಂಡುಕೊಂಡದ್ದು ಇಲ್ಲಿದೆ.

ನೆಲದ ಮೇಲೊಂದು ಗೂಟ. ಶಿಬಿರಾರ್ಥಿಯ ಕೈಯಲ್ಲಿ ಕೆಲವು ರಿಂಗುಗಳು. ಎಷ್ಟು ದೂರದಿಂದ ಎಸೆಯಬೇಕೆಂಬುದನ್ನು ಅವರೇ ತೀರ್ಮಾನಿಸಬೇಕು. ದೂರ ಹೆಚ್ಚಿದಷ್ಟೂ ಅಂಕ ಹೆಚ್ಚು. ಕೆಲವರು ಗೂಟದ ಮಗ್ಗುಲಲ್ಲೇ ನಿಂತು, ಒಂದೂ ತಪ್ಪದಂತೆ ಹಾಕಿ ಬರುತ್ತಾರೆ. ಕೆಲವರು ಕೋಣೆಯ ಆ ತುದಿಗೆ ಹೋಗಿ, ಬಿದ್ದರೆ ಅದೃಷ್ಟ ಎಂದುಕೊಂಡು ಬೀಸಿ ಎಸೆಯುತ್ತಾರೆ. ಇನ್ನೂ ಕೆಲವರು ಮೊದಲ ರಿಂಗನ್ನು ಹತ್ತಿರದಿಂದ ಎಸೆದು ಕೈ ಪಳಗಿಸಿಕೊಂಡು, ಒಂದೊಂದೇ ಹೆಜ್ಜೆ ಹಿಂದೆ ಸರಿದು, ಪ್ರಯತ್ನಪಟ್ಟರೆ ಬೀಳಬಹುದು ಎನ್ನುವಂಥ ಅಂತರದಲ್ಲಿ ನಿಲ್ಲುತ್ತಾರೆ. ತರಬೇತುದಾರರ ಕಣ್ಣು ಇರುವುದು ರಿಂಗಿನ ಮೇಲಲ್ಲ, ನಿಂತ ಜಾಗದ ಮೇಲೆ.

ಹೊಲಿಗೆ, ಹೈನುಗಾರಿಕೆ, ಮೊಬೈಲ್ ರಿಪೇರಿ ಕಲಿಯಲೆಂದು ನಮ್ಮ ಜಿಲ್ಲೆಗಳ ರುಡ್‌ಸೆಟ್, ಆರ್‌ಸೆಟಿ ಎಂಬ ಸ್ವಉದ್ಯೋಗ ತರಬೇತಿ ಕೇಂದ್ರಗಳಿಗೆ ಬರುವವರು ಈ ಆಟ ಆಡುತ್ತಾರೆ. ಬೇಸರ ಕಳೆಯಲು ಆಡಿಸುವ ಆಟ ಎಂದು ಅವರಲ್ಲಿ ಅನೇಕರು ಭಾವಿಸಿರಬಹುದು. ಆದರೆ ಅದರ ಹಿಂದೆ ಹಾರ್ವರ್ಡ್ ವಿಶ್ವವಿದ್ಯಾಲಯದ ಒಬ್ಬ ಮನಶ್ಶಾಸ್ತ್ರಜ್ಞರ ಬಹುಕಾಲದ ದುಡಿಮೆಯಿದೆ. ಆ ದುಡಿಮೆಯ ಮುಖ್ಯ ಪರೀಕ್ಷೆ ನಡೆದದ್ದು ಅಮೆರಿಕದಲ್ಲಲ್ಲ, ಆಂಧ್ರದ ಕಡಲತಡಿಯ ಒಂದು ಪಟ್ಟಣದಲ್ಲಿ.

ಕಾಕಿನಾಡದ ವ್ಯಾಪಾರಿಗಳು

ಡೇವಿಡ್ ಮೆಕ್‌ಕ್ಲೆಲಂಡ್ 1961ರಲ್ಲಿ ‘ದಿ ಅಚೀವಿಂಗ್ ಸೊಸೈಟಿ’ ಎಂಬ ಪುಸ್ತಕ ಬರೆದರು. ಒಂದು ನಾಡಿನ ಆರ್ಥಿಕ ಏಳಿಗೆಗೂ ಅಲ್ಲಿನ ಜನರ ಸಾಧನೆಯ ಹಂಬಲಕ್ಕೂ ನಂಟಿದೆ, ಮಕ್ಕಳ ಪಠ್ಯದ ಕಥೆಗಳಲ್ಲೇ ಆ ಹಂಬಲವನ್ನು ಅಳೆಯಬಹುದು ಎಂಬುದು ಅವರ ವಾದ. ಹಂಬಲ ಇರುವವರು ಕೈಗೆಟುಕುವ, ಆದರೆ ಶ್ರಮ ಬೇಡುವ ಗುರಿಯನ್ನೇ ಆರಿಸಿಕೊಳ್ಳುತ್ತಾರೆ, ಜೂಜಿಗೆ ಇಳಿಯುವುದಿಲ್ಲ ಎಂಬುದನ್ನು ಅವರು ರಿಂಗಿನ ಆಟದಿಂದಲೇ ತೋರಿಸಿದ್ದರು. ಆದರೆ ಬೆಳೆದು ನಿಂತ, ಹೆಂಡತಿ ಮಕ್ಕಳಿರುವ, ಅಂಗಡಿ ನಡೆಸುತ್ತಿರುವ ಮನುಷ್ಯನಲ್ಲಿ ಆ ಹಂಬಲವನ್ನು ಹೊಸದಾಗಿ ಬಿತ್ತಲು ಬರುತ್ತದೆಯೇ? ಸಿದ್ಧಾಂತಕ್ಕಿಂತ ದೊಡ್ಡ ಪ್ರಶ್ನೆ ಇದು.

ಇದಕ್ಕೆ ಉತ್ತರ ಹುಡುಕಲು 1964ರಲ್ಲಿ ಕಾಕಿನಾಡದ 52 ವ್ಯಾಪಾರಿಗಳನ್ನು ತಂಡತಂಡವಾಗಿ ಹೈದರಾಬಾದಿನ ಸಣ್ಣ ಕೈಗಾರಿಕೆಗಳ ತರಬೇತಿ ಸಂಸ್ಥೆಗೆ ಕರೆಸಿಕೊಳ್ಳಲಾಯಿತು. ಅವರಿಗೆ ಸಾಲ ಕೊಡಲಿಲ್ಲ, ಯಂತ್ರ ಕೊಡಲಿಲ್ಲ, ತೆರಿಗೆ ವಿನಾಯಿತಿಯನ್ನೂ ಕೊಡಲಿಲ್ಲ. ಚಿತ್ರ ತೋರಿಸಿ ಕಥೆ ಬರೆಯಿಸಿದರು. ಬರೆದ ಕಥೆಯಲ್ಲಿ ನಾಯಕ ಏನು ಮಾಡಹೊರಟಿದ್ದಾನೆ, ಅಡ್ಡಿ ಬಂದಾಗ ಯಾರ ನೆರವು ಕೇಳುತ್ತಾನೆ ಎಂಬುದನ್ನು ಅವರೇ ಬಿಡಿಸಿ ನೋಡುವಂತೆ ಮಾಡಿದರು. ರಿಂಗು ಎಸೆಯಿಸಿದರು. ಮುಂದೆ ತಾವೇನು ಮಾಡುತ್ತೇವೆಂದು ಪ್ರತಿಯೊಬ್ಬರಿಂದಲೂ ಬರೆಯಿಸಿಕೊಂಡರು. ಆಮೇಲಿನ ವರ್ಷಗಳಲ್ಲಿ ಹಿಂಬಾಲಿಸಿ ನೋಡಿದಾಗ, ತರಬೇತಿ ಪಡೆದವರಲ್ಲಿ ಸುಮಾರು ಅರ್ಧದಷ್ಟು ಮಂದಿ ಹೊಸ ಸರಕು, ಹೊಸ ಘಟಕ, ಹೊಸ ಹೂಡಿಕೆಗೆ ಕೈಹಾಕಿದ್ದರು; ಪಡೆಯದವರಲ್ಲಿ ಹಾಗೆ ಮಾಡಿದವರು ಕಾಲು ಭಾಗದಷ್ಟು ಮಾತ್ರ. ಹಣೆಗೆ ನಾಮ ಇಟ್ಟವರೇ, ಪ್ಯಾಂಟು ತೊಟ್ಟವರೇ, ಯಾವ ಜಾತಿಯವರು ಎಂಬುದು ಈ ವ್ಯತ್ಯಾಸಕ್ಕೆ ಕಾರಣವಾಗಿರಲಿಲ್ಲ. ಸಾಂಪ್ರದಾಯಿಕ ನಂಬಿಕೆಗಳು ಭಾರತೀಯರ ಉದ್ಯಮಕ್ಕೆ ತೊಡಕು ಎಂದು ಅಂದಿನ ಪಶ್ಚಿಮದ ವಿದ್ವಾಂಸರಲ್ಲಿ ಬೇರೂರಿದ್ದ ನಂಬಿಕೆಗೆ ಇದು ದೊಡ್ಡ ಪೆಟ್ಟು.

ಮೆಕ್‌ಕ್ಲೆಲಂಡರ ದೊಡ್ಡ ಸಿದ್ಧಾಂತವನ್ನು ಮುಂದಿನವರು ಸಾಕಷ್ಟು ಪ್ರಶ್ನಿಸಿದರು. ತರಬೇತಿಯ ಕಲ್ಪನೆ ಮಾತ್ರ ಭಾರತದಲ್ಲಿ ಬೇರುಬಿಟ್ಟಿತು. ಮೊದಲು ಗುಜರಾತ್, ಆಮೇಲೆ ಕರ್ನಾಟಕ. 1982ರಲ್ಲಿ ಧರ್ಮಸ್ಥಳದ ಡಿ. ವೀರೇಂದ್ರ ಹೆಗ್ಗಡೆಯವರ ಆಸ್ಥೆಯಿಂದ, ಸಿಂಡಿಕೇಟ್ ಬ್ಯಾಂಕ್ ಮತ್ತು ಕೆನರಾ ಬ್ಯಾಂಕ್‌ಗಳ ಸಹಯೋಗದಲ್ಲಿ ಉಜಿರೆಯಲ್ಲಿ ರುಡ್‌ಸೆಟ್ ಸಂಸ್ಥೆ ಆರಂಭವಾಯಿತು. ಕಸುಬಿನ ತರಬೇತಿಯ ಜೊತೆಗೆ ಮನಸ್ಸಿನ ತರಬೇತಿಯನ್ನೂ ಅದು ಸೇರಿಸಿಕೊಂಡಿತು. ದೇಶದ ಪ್ರತಿ ಜಿಲ್ಲೆಗೂ ಇಂಥದ್ದೊಂದು ಬೇಕೆಂದು ಕೇಂದ್ರ ಸರ್ಕಾರ ತೀರ್ಮಾನಿಸಿ ಆರ್‌ಸೆಟಿಗಳನ್ನು ತೆರೆದಾಗ ಮಾದರಿಯಾಗಿ ಹಿಡಿದದ್ದು ಉಜಿರೆಯನ್ನೇ. ನವೋದ್ಯಮ ಎಂದರೆ ಬೆಂಗಳೂರಿನ ಗಾಜಿನ ಕಟ್ಟಡಗಳು ಮಾತ್ರ ಕಣ್ಣಿಗೆ ಬೀಳುವ ಈ ಹೊತ್ತಿನಲ್ಲಿ, ದೇಶಕ್ಕೆ ಕರ್ನಾಟಕ ಕೊಟ್ಟ ಅತ್ಯಂತ ಮುಖ್ಯ ಉದ್ಯಮ ಪಾಠಶಾಲೆ ನೇತ್ರಾವತಿಯ ಸೀಮೆಯಲ್ಲಿದೆ ಎಂಬುದನ್ನು ನಾವು ಹೆಮ್ಮೆಯಿಂದ ಹೇಳಿಕೊಳ್ಳಬೇಕು.

ಯಾರು ಎಂದಲ್ಲ, ಹೇಗೆ

ಕಾಕಿನಾಡದ ನಂತರ ಇಪ್ಪತ್ತು ವರ್ಷಗಳಿಗೂ ಹೆಚ್ಚು ಕಾಲ ವಿದ್ವಾಂಸರು ಉದ್ಯಮಿಯ ಗುಣಲಕ್ಷಣಗಳ ಬೆನ್ನುಹತ್ತಿದರು. ಧೈರ್ಯ, ಹಟ, ಅಪಾಯದ ಆಸೆ, ತಂದೆಯ ಕಸುಬು, ಮನೆಯಲ್ಲಿ ಎಷ್ಟನೆಯ ಮಗು ಎಂಬುದನ್ನೂ ಬಿಡದೆ ಅಳೆದರು. ಪಟ್ಟಿ ಬೆಳೆಯಿತೇ ಹೊರತು ಉದ್ಯಮಿಯನ್ನೂ ಒಳ್ಳೆಯ ಮ್ಯಾನೇಜರನ್ನೂ ಬೇರ್ಪಡಿಸುವ ಗೆರೆ ಸಿಗಲಿಲ್ಲ. 1988ರಲ್ಲಿ ವಿಲಿಯಂ ಗಾರ್ಟ್ನರ್ ಎಂಬ ಅಮೆರಿಕದ ವಿದ್ವಾಂಸರು ಒಂದು ಲೇಖನ ಬರೆದರು. ಉದ್ಯಮಿ ಯಾರು ಎಂಬ ಪ್ರಶ್ನೆಯೇ ತಪ್ಪು ಎಂಬುದು ಅದರ ತಲೆಬರಹ. ಇಲ್ಲದ ಒಂದು ಸಂಸ್ಥೆ ಹೇಗೆ ಅಸ್ತಿತ್ವಕ್ಕೆ ಬರುತ್ತದೆ, ಆ ಮನುಷ್ಯ ದಿನವೂ ಏನೇನು ಮಾಡುತ್ತಾನೆ ಎಂಬುದನ್ನು ನೋಡಿ ಎಂದರು. ಈ ಕ್ಷೇತ್ರದ ದಿಕ್ಕು ಬದಲಿಸಿದ ಬರಹ ಅದು.

ನಮ್ಮ ಮನೆಗಳಲ್ಲಿ ಈಗಲೂ ಹಳೆಯ ಪ್ರಶ್ನೆಯೇ ಉಳಿದಿದೆ. ಅವರು ಸೇಟುಗಳು, ಇವರು ಶೆಟ್ಟರು, ನಮ್ಮ ವಂಶದಲ್ಲಿ ಅದು ಬಂದಿಲ್ಲ ಎಂದು ಎಷ್ಟು ಮಂದಿ ಮಕ್ಕಳ ಆಸೆಯನ್ನು ಅಡುಗೆಮನೆಯಲ್ಲೇ ಮುಗಿಸಿಬಿಡುತ್ತೇವೆ! ಅಥವಾ ವಯಸ್ಸಾಯಿತು ಎನ್ನುತ್ತೇವೆ. ವಯಸ್ಸಿನ ವಿಷಯಕ್ಕಂತೂ ಸ್ಪಷ್ಟ ಲೆಕ್ಕವಿದೆ. ಅಮೆರಿಕದಲ್ಲಿ 2007ರಿಂದ 2014ರವರೆಗೆ ಕಂಪನಿ ಆರಂಭಿಸಿದ 27 ಲಕ್ಷ ಮಂದಿಯ ದಾಖಲೆಗಳನ್ನು ಪಿಯರ್ ಅಜೂಲೆ ಮತ್ತು ಸಂಗಡಿಗರು ಜಾಲಾಡಿದರು. ಸರಾಸರಿ ವಯಸ್ಸು 41.9. ಅತ್ಯಂತ ವೇಗವಾಗಿ ಬೆಳೆದ, ಸಾವಿರಕ್ಕೊಂದರಂಥ ಕಂಪನಿಗಳನ್ನು ಮಾತ್ರ ತೆಗೆದುಕೊಂಡರೆ ಸರಾಸರಿ 45. ಕಾಲೇಜು ಬಿಟ್ಟ ಇಪ್ಪತ್ತರ ಹುಡುಗನ ಚಿತ್ರ ಪತ್ರಿಕೆಗಳ ಮುಖಪುಟಕ್ಕೆ ಚೆಂದ; ಅದೇ ಕ್ಷೇತ್ರದಲ್ಲಿ ವರ್ಷಗಟ್ಟಲೆ ಕೆಲಸ ಮಾಡಿ ಒಳಹೊರಗು ಬಲ್ಲವರು ಗೆಲ್ಲುವ ಸಂಭವವೇ ಹೆಚ್ಚು.

ಹದಿನೇಳು ಪುಟಗಳ ಸಮಸ್ಯೆ

ಗಾರ್ಟ್ನರ್ ಕೇಳಿದ ಪ್ರಶ್ನೆಗೆ ಅತ್ಯಂತ ಸ್ವಾರಸ್ಯದ ಉತ್ತರ ಕೊಟ್ಟವರು ಭಾರತ ಮೂಲದ ಒಬ್ಬ ವಿದುಷಿ. ಸರಸ್ ಸರಸ್ವತಿ ತೊಂಬತ್ತರ ದಶಕದಲ್ಲಿ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದಲ್ಲಿ, ನೊಬೆಲ್ ಪುರಸ್ಕೃತ ಹರ್ಬರ್ಟ್ ಸೈಮನ್ ಅವರ ಮಾರ್ಗದರ್ಶನದಲ್ಲಿ ಸಂಶೋಧನೆ ಮಾಡಿದರು. ಚದುರಂಗದ ಪಂಟರು ಹೇಗೆ ಯೋಚಿಸುತ್ತಾರೆಂದು ಸೈಮನ್ ಅಧ್ಯಯನ ಮಾಡಿದ್ದರು. ಅದೇ ಬಗೆಯಲ್ಲಿ, ಪಳಗಿದ ಉದ್ಯಮಿ ಹೇಗೆ ಯೋಚಿಸುತ್ತಾನೆಂದು ತಿಳಿಯುವುದು ಸರಸ್ವತಿಯವರ ಉದ್ದೇಶ.

ಅವರು ಅಮೆರಿಕದ ಹಲವು ರಾಜ್ಯಗಳನ್ನು ಸುತ್ತಿ 27 ಮಂದಿ ಸಂಸ್ಥಾಪಕರನ್ನು ಕಂಡರು. ಅವರೆಲ್ಲ ಹದಿನೈದು ವರ್ಷಕ್ಕೂ ಮಿಗಿಲಾಗಿ ಉದ್ಯಮದಲ್ಲಿದ್ದವರು, ಗೆಲುವು ಸೋಲು ಎರಡನ್ನೂ ಉಂಡವರು. ಒಬ್ಬೊಬ್ಬರ ಮುಂದೆಯೂ 17 ಪುಟಗಳ ಒಂದು ಸಮಸ್ಯೆಯನ್ನು ಇಟ್ಟರು. ಉದ್ಯಮ ಕಲಿಸುವ ಒಂದು ಕಂಪ್ಯೂಟರ್ ಆಟ ನಿಮ್ಮ ಬಳಿ ಇದೆ ಎಂದುಕೊಳ್ಳಿ. ಇದನ್ನು ಕಂಪನಿಯಾಗಿ ಕಟ್ಟುವುದು ಹೇಗೆ? ಒಂದೇ ಷರತ್ತು, ತಲೆಯಲ್ಲಿ ಬಂದದ್ದನ್ನೆಲ್ಲ ಬಾಯಿಬಿಟ್ಟು ಹೇಳುತ್ತ ಹೋಗಬೇಕು. ಧ್ವನಿಮುದ್ರಿಕೆ ಅದನ್ನೆಲ್ಲ ಹಿಡಿದಿಟ್ಟಿತು.

ಸಮಸ್ಯೆಯ ಜೊತೆಗೆ ಮಾರುಕಟ್ಟೆ ಸಮೀಕ್ಷೆಯ ಅಂಕಿಅಂಶಗಳೂ ಇದ್ದವು. ಮ್ಯಾನೇಜ್‌ಮೆಂಟ್ ಓದಿದವರು ಮೊದಲು ಹಿಡಿಯುವುದು ಅದನ್ನೇ. ಈ ಅನುಭವಿಗಳಲ್ಲಿ ಹೆಚ್ಚಿನವರು ಆ ಅಂಕಿಅಂಶಗಳನ್ನು ನಂಬಲಿಲ್ಲ. ನನಗೆ ಯಾರು ಪರಿಚಯ, ಇದನ್ನು ನಾಳೆಯೇ ಯಾರಿಗೆ ಮಾರಬಹುದು, ಕೊಂಡವನು ಏನು ಹೇಳುತ್ತಾನೆ ಎಂಬ ದಾರಿಯಲ್ಲಿ ಅವರ ಮಾತು ಹರಿಯಿತು. ಗುರಿ ಮೊದಲು, ಸಾಧನ ಆಮೇಲೆ ಎಂಬುದು ಪಠ್ಯದ ಕ್ರಮ. ಇವರದು ಅದಕ್ಕೆ ವಿರುದ್ಧ: ನಾನು ಯಾರು, ನನಗೆ ಏನು ಗೊತ್ತು, ನನಗೆ ಯಾರು ಗೊತ್ತು ಎಂಬಲ್ಲಿಂದ ಹೊರಟು, ಗುರಿಯನ್ನು ದಾರಿಯಲ್ಲಿ ರೂಪಿಸಿಕೊಳ್ಳುವುದು. ಎಷ್ಟು ಲಾಭ ಬಂದೀತು ಎಂಬುದಕ್ಕಿಂತ ಎಷ್ಟು ಹೋದರೆ ತಡೆದುಕೊಂಡೇನು ಎಂಬುದನ್ನು ಅವರು ಮೊದಲು ಕೇಳಿಕೊಂಡರು. ಪೈಪೋಟಿಯ ಲೆಕ್ಕಕ್ಕಿಂತ ಮೊದಲು ಪಾಲುದಾರರನ್ನು ಹುಡುಕಿದರು. ಬಂದ ಪಾಲುದಾರನ ಬಳಿ ಏನಿದೆಯೋ ಅದೂ ಸೇರಿ ಉದ್ಯಮದ ಆಕಾರವೇ ಬದಲಾಗುತ್ತಿತ್ತು. ಅಳತೆ ಕೊಟ್ಟು ಹೊಲಿಸದೆ, ಸಿಕ್ಕಸಿಕ್ಕ ಬಟ್ಟೆಯ ತುಂಡುಗಳಿಂದ ಮೂಡುವ ಕೌದಿಯ ಹೆಸರನ್ನೇ ಸರಸ್ವತಿ ಈ ರೀತಿಗೆ ಇಟ್ಟರು.

ಈ ಚಿಂತನೆಯ ಲೇಖನ 2001ರಲ್ಲಿ ಪ್ರಕಟವಾಯಿತು. ಅದರಲ್ಲಿ ಅವರು ಕೊಟ್ಟ ಉದಾಹರಣೆ ಒಂದು ಭಾರತೀಯ ಹೋಟೆಲಿನದು. ಪಠ್ಯದಂತೆ ಹೊರಟರೆ ಸಮೀಕ್ಷೆ ಮಾಡಿ, ಗಿರಾಕಿಗಳ ವರ್ಗ ಆರಿಸಿ, ಜಾಗ ಹಿಡಿದು, ಸಾಲ ತಂದು ಬಾಗಿಲು ತೆರೆಯಬೇಕು. ಇನ್ನೊಂದು ದಾರಿಯೂ ಇದೆ: ಮನೆಯಲ್ಲಿ ಮಾಡಿದ ಅಡುಗೆಯನ್ನು ಸ್ನೇಹಿತರ ಕಚೇರಿಗೆ ಮಧ್ಯಾಹ್ನದ ಹೊತ್ತು ಒಯ್ಯುವುದು, ಇಲ್ಲವೇ ಇರುವ ಹೋಟೆಲಿನ ಒಂದು ಮೂಲೆ ಕೇಳುವುದು. ಹೀಗೆ ಹೋಗುತ್ತ ಅದು ಹೋಟೆಲೇ ಆಗಬಹುದು, ಅಡುಗೆ ಶಾಲೆಯಾಗಬಹುದು, ಮದುವೆಮನೆಯ ಊಟದ ಗುತ್ತಿಗೆಯೂ ಆಗಬಹುದು. ಕರಾವಳಿಯಿಂದ ಹೊರಟ ನಮ್ಮ ಹೋಟೆಲಿನವರಿಗೆ ಇದು ಹೊಸ ವಿಷಯವೇ ಅಲ್ಲ.

ಎಂಟಿಆರ್‌ನ ಚರಿತ್ರೆಯನ್ನೇ ನೋಡಿ. 1924ರಲ್ಲಿ ಮಯ್ಯ ಸಹೋದರರು ಬೆಂಗಳೂರಿನಲ್ಲಿ ಆರಂಭಿಸಿದ ಹೋಟೆಲು. ಎರಡನೆಯ ಮಹಾಯುದ್ಧದಲ್ಲಿ ಬರ್ಮಾದ ಅಕ್ಕಿ ನಿಂತಾಗ ರವೆಯಲ್ಲಿ ಇಡ್ಲಿ ಮಾಡಿ ನೋಡಿದೆವು, ರವೆ ಇಡ್ಲಿ ಹುಟ್ಟಿದ್ದು ಹಾಗೆ ಎಂದು ಸಂಸ್ಥೆ ಹೇಳುತ್ತದೆ. ತುರ್ತುಪರಿಸ್ಥಿತಿಯಲ್ಲಿ ತಿಂಡಿಯ ಬೆಲೆಗೆ ಸರ್ಕಾರ ಮಿತಿ ಹಾಕಿದಾಗ, ಆ ಬೆಲೆಗೆ ಗುಣಮಟ್ಟ ಉಳಿಸಿಕೊಳ್ಳಲಾಗದೆ ಹೋಟೆಲು ಮುಚ್ಚಿ, ಇದ್ದ ಕೆಲಸಗಾರರನ್ನು ಇಟ್ಟುಕೊಂಡು ಪುಡಿ, ಮಿಕ್ಸ್‌ಗಳನ್ನು ಪೊಟ್ಟಣ ಕಟ್ಟಿ ಮಾರತೊಡಗಿದರು. ಆ ಪೊಟ್ಟಣಗಳ ವ್ಯವಹಾರವನ್ನು 2007ರಲ್ಲಿ ನಾರ್ವೆಯ ಓರ್ಕ್ಲಾ ಕೊಂಡುಕೊಂಡಿತು. ಯುದ್ಧವನ್ನೂ ತುರ್ತುಪರಿಸ್ಥಿತಿಯನ್ನೂ ಯಾವ ಯೋಜನಾ ವರದಿಯಲ್ಲಿ ಬರೆಯಲು ಸಾಧ್ಯವಿತ್ತು?

ಕಿರಣ್ ಮಜುಂದಾರ್ ಅವರದೂ ಇದೇ ಜಾಡು. ಆಸ್ಟ್ರೇಲಿಯಾದಲ್ಲಿ ಬಿಯರ್ ತಯಾರಿಕೆ ಕಲಿತು ಬಂದರು. ಹೆಣ್ಣುಮಗಳಿಗೆ ಆ ಕೆಲಸ ಕೊಡಲು ಇಲ್ಲಿ ಯಾರೂ ಮುಂದಾಗಲಿಲ್ಲ. 1978ರಲ್ಲಿ ಐರ್ಲೆಂಡಿನ ಒಂದು ಕಂಪನಿಯ ಪಾಲುದಾರಿಕೆಯೊಂದಿಗೆ, ₹10,000 ಬಂಡವಾಳದಲ್ಲಿ, ಬೆಂಗಳೂರಿನ ಬಾಡಿಗೆ ಮನೆಯೊಂದರ ಗ್ಯಾರೇಜಿನಲ್ಲಿ ಬಯೋಕಾನ್ ಶುರುವಾಯಿತು. ಮೊದಲು ಮಾಡಿದ್ದು ಪರಂಗಿಕಾಯಿಯ ಹಾಲಿನಿಂದ ಪಪೈನ್ ಕಿಣ್ವ, ಮೀನಿನಿಂದ ಐಸಿಂಗ್ಲಾಸ್. ಎರಡೂ ಬಿಯರನ್ನು ತಿಳಿಗೊಳಿಸಲು ಬಳಸುವ ವಸ್ತುಗಳು. ಕಲಿತ ವಿದ್ಯೆ ಕೈಬಿಡಲಿಲ್ಲ. ಮುಂದೆ ಇನ್ಸುಲಿನ್ ಮಾಡುತ್ತೇವೆಂದು ಆ ಗ್ಯಾರೇಜಿನಲ್ಲಿ ಯಾರೂ ಬರೆದಿಟ್ಟಿರಲಿಲ್ಲ.

ಸರಸ್ವತಿ ಈಗ ವರ್ಜೀನಿಯಾ ವಿಶ್ವವಿದ್ಯಾಲಯದ ಡಾರ್ಡನ್ ಶಾಲೆಯ ಪ್ರಾಧ್ಯಾಪಕಿ. ಬೆಂಗಳೂರಿನ ಐಐಎಂನೊಂದಿಗೂ ಅವರ ನಂಟಿದೆ. ಉದ್ಯಮಶೀಲತೆಯ ಸಂಶೋಧನೆಗೆ ಸ್ವೀಡನ್ ಕೊಡುವ ಜಾಗತಿಕ ಪ್ರಶಸ್ತಿ 2022ರಲ್ಲಿ ಅವರಿಗೆ ಸಂದಿತು.

ಗೆದ್ದವರನ್ನಷ್ಟೇ ಕೇಳಿದರೆ ಸಾಕೇ?

ಈ ಸಿದ್ಧಾಂತಕ್ಕೆ ಟೀಕೆಗಳೂ ಬಂದಿವೆ. ಅವುಗಳಲ್ಲಿ ಹುರುಳಿದೆ. ಆ 27 ಮಂದಿ ಗೆದ್ದವರು; ಹೀಗೆಯೇ ಯೋಚಿಸಿ ಮನೆಮಠ ಕಳೆದುಕೊಂಡವರು ಎಷ್ಟು? ನಾನು ಮೇಲೆ ಕೊಟ್ಟ ಎಂಟಿಆರ್, ಬಯೋಕಾನ್ ಕಥೆಗಳಿಗೂ ಇದೇ ಮಿತಿ. ಕಥೆಯಿಂದ ಹುಮ್ಮಸ್ಸು ಬರುತ್ತದೆ, ಪುರಾವೆ ಬರುವುದಿಲ್ಲ. ಪುರಾವೆ ಬೇಕೆಂದರೆ ಚೀಟಿ ಎತ್ತಿ ಕೆಲವರಿಗೆ ತರಬೇತಿ ಕೊಟ್ಟು, ಕೆಲವರಿಗೆ ಕೊಡದೆ, ವರ್ಷಗಟ್ಟಲೆ ಕಾದು ನೋಡಬೇಕು.

ಅಂಥದ್ದೊಂದು ಪರೀಕ್ಷೆ ನಡೆದದ್ದು ಪಶ್ಚಿಮ ಆಫ್ರಿಕಾದ ಪುಟ್ಟ ದೇಶ ಟೋಗೋದಲ್ಲಿ. ಅದರ ರಾಜಧಾನಿ ಲೋಮೆಯಲ್ಲಿ 1,500 ಸಣ್ಣ ವ್ಯಾಪಾರಿಗಳನ್ನು ಚೀಟಿ ಎತ್ತಿ ಐನೂರರಂತೆ ಮೂರು ಗುಂಪು ಮಾಡಿದರು. ಒಂದು ಗುಂಪಿಗೆ ತರಬೇತಿ ಇಲ್ಲ. ಇನ್ನೊಂದಕ್ಕೆ ಲೆಕ್ಕಪತ್ರ, ಮಾರಾಟ, ಹಣಕಾಸು ಕಲಿಸುವ ವಾಡಿಕೆಯ ಪಾಠ. ಮೂರನೆಯದಕ್ಕೆ ಮನಶ್ಶಾಸ್ತ್ರಜ್ಞ ಮೈಕೆಲ್ ಫ್ರೆಸೆ ರೂಪಿಸಿದ, ಸ್ವಂತ ಮುಂದಾಳುತನ ಕಲಿಸುವ ತರಬೇತಿ: ಪಕ್ಕದ ಅಂಗಡಿಯವರನ್ನು ನಕಲು ಮಾಡದೆ ತನ್ನದೇ ಆದ ಒಂದನ್ನು ಹುಡುಕುವುದು, ಬರಬಹುದಾದ ತೊಡಕನ್ನು ಮೊದಲೇ ಊಹಿಸುವುದು, ಅಡ್ಡಿ ಬಂದಾಗ ಬಿಟ್ಟುಬಿಡದಿರುವುದು. 2017ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಫಲಿತಾಂಶ ಬಂತು. ಎರಡು ವರ್ಷಗಳಿಗೂ ಹೆಚ್ಚು ಕಾಲ ಗಮನಿಸಿದಾಗ, ಮೂರನೆಯ ಗುಂಪಿನವರ ಲಾಭ ಶೇ 30ರಷ್ಟು ಏರಿತ್ತು. ವಾಡಿಕೆಯ ಪಾಠ ಕೇಳಿದವರದು ಶೇ 11. ಅದೂ ಖಚಿತವಾಗಿ ಪಾಠದಿಂದಲೇ ಬಂದದ್ದು ಎನ್ನುವಷ್ಟು ಗಟ್ಟಿಯಲ್ಲ. ಹೆಂಗಸರ ಲೆಕ್ಕ ಇನ್ನೂ ಕಣ್ಣು ತೆರೆಸುವಂಥದ್ದು: ಮುಂದಾಳುತನದ ತರಬೇತಿಯಲ್ಲಿ ಶೇ 40, ವಾಡಿಕೆಯ ಪಾಠದಲ್ಲಿ ಶೇ 5. ಕಾಕಿನಾಡದಲ್ಲಿ ಕಂಡ ಹೊಳಹು ಅರ್ಧ ಶತಮಾನದ ಮೇಲೆ ಲೋಮೆಯ ಪೇಟೆಯಲ್ಲಿ ಗಟ್ಟಿಯಾಯಿತು.

ಹಾಗೆಂದು ಲೆಕ್ಕ, ಶಿಸ್ತು ಬೇಡವೆಂದಲ್ಲ. 2016ರ ಆರಂಭದಲ್ಲಿ ಮೈಸೂರಿನಲ್ಲಿ ದೇಶದ ತಂತ್ರಾಂಶ ನವೋದ್ಯಮಗಳ ಸಂಸ್ಥಾಪಕರ ಶಿಬಿರವೊಂದು ನಡೆಯಿತು. ನೂರು ಕಂಪನಿಗಳವರನ್ನು ಚೀಟಿ ಎತ್ತಿದಂತೆ ಜೋಡಿ ಮಾಡಿ, ಒಬ್ಬರಿಗೊಬ್ಬರು ಸಲಹೆ ಕೊಡಿ ಎಂದರು. ಕೆಲಸಗಾರರೊಂದಿಗೆ ತಪ್ಪದೆ ಸಭೆ ನಡೆಸುವ, ಗುರಿ ನಿಗದಿ ಮಾಡುವ, ಕೆಲಸ ಹೇಗಿದೆಯೆಂದು ಆಗಾಗ ಹೇಳುವ ರೂಢಿಯಿದ್ದವರ ಸಲಹೆ ಸಿಕ್ಕಿದವರ ಕಂಪನಿಗಳು, ಎರಡು ವರ್ಷದ ಹೊತ್ತಿಗೆ, ಹಾಗಲ್ಲದವರ ಸಲಹೆ ಪಡೆದ ಕಂಪನಿಗಳಿಗಿಂತ ಶೇ 28ರಷ್ಟು ದೊಡ್ಡದಾಗಿದ್ದವು, ಮುಚ್ಚುವ ಸಂಭವವೂ ಕಡಿಮೆಯಾಗಿತ್ತು. ದುಬಾರಿ ಸಲಹೆಗಾರರಲ್ಲ, ತಮ್ಮಂತೆಯೇ ಕಷ್ಟಪಡುತ್ತಿದ್ದ ಇನ್ನೊಬ್ಬ ಉದ್ಯಮಿ ಒಂದೆರಡು ದಿನ ಕೂತು ಆಡಿದ ಮಾತು ಇಷ್ಟು ಮಾಡಿತು.

ಸಾಲವೊಂದೇ ಸಾಕು ಎಂಬ ನಂಬಿಕೆಯನ್ನೂ ಸಂಶೋಧನೆ ಅಲುಗಾಡಿಸಿದೆ. ಹೈದರಾಬಾದಿನ 104 ಬಡಾವಣೆಗಳಲ್ಲಿ ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೊ ಮತ್ತಿತರರು ಕಿರುಸಾಲದ ಪರಿಣಾಮ ನೋಡಿದರು. ಮೊದಲೇ ಚೆನ್ನಾಗಿ ನಡೆಯುತ್ತಿದ್ದ ಕೆಲವರ ವ್ಯಾಪಾರ ಬೆಳೆಯಿತು. ಸಾಮಾನ್ಯ ಕುಟುಂಬದ ಬದುಕು ಹೇಳಿಕೊಳ್ಳುವಷ್ಟು ಬದಲಾಗಲಿಲ್ಲ. ಬೇರೆ ದಾರಿ ಕಾಣದೆ ಗೂಡಂಗಡಿ ಇಟ್ಟವರೆಲ್ಲ ಉದ್ಯಮಿಯಾಗುವ ಕನಸು ಹೊತ್ತವರಲ್ಲ. ತಿಂಗಳ ಸಂಬಳ ಸಿಕ್ಕರೆ ನಾಳೆಯೇ ಬಿಟ್ಟುಹೋಗುವವರು ಅವರಲ್ಲಿ ಬಹಳ ಮಂದಿ. ಇವರನ್ನೆಲ್ಲ ಸ್ವಉದ್ಯೋಗಿಗಳೆಂದು ಎಣಿಸಿ ಸರ್ಕಾರಗಳು ಬೆನ್ನು ತಟ್ಟಿಕೊಳ್ಳುವುದು ಅವರಿಗೆ ಮಾಡುವ ಅನ್ಯಾಯ.

ಬಳಗದ ಬಲ

ಹುಟ್ಟುಗುಣ ಸುಳ್ಳಿರಬಹುದು, ಹುಟ್ಟಿದ ಮನೆಯ ಬಲ ಸುಳ್ಳಲ್ಲ. ತಿರುಪ್ಪೂರಿನ ಬನಿಯನ್ ಉದ್ಯಮವನ್ನು ಬ್ಯಾನರ್ಜಿ ಮತ್ತು ಕೈವಾನ್ ಮುನ್ಷಿ ಅಧ್ಯಯನ ಮಾಡಿದರು. ಸ್ಥಳೀಯ ಗೌಂಡರ್ ಸಮುದಾಯದವರು ಹೊರಗಿನಿಂದ ಬಂದವರಿಗಿಂತ ಬಹಳ ಹೆಚ್ಚು ಬಂಡವಾಳದೊಂದಿಗೆ ಶುರುಮಾಡುತ್ತಿದ್ದರು, ಏಕೆಂದರೆ ನೆಂಟರಿಷ್ಟರ ಹಣ ಬೇರೆಲ್ಲೂ ಹೋಗುವ ಹಾಗಿರಲಿಲ್ಲ. ಆದರೂ ಕೆಲವು ವರ್ಷ ಕಳೆಯುವಷ್ಟರಲ್ಲಿ ಹೊರಗಿನವರ ರಫ್ತು ಹೆಚ್ಚು ವೇಗವಾಗಿ ಬೆಳೆದಿತ್ತು. ಸಾಮರ್ಥ್ಯ ಒಂದು ಕಡೆ, ಹಣ ಇನ್ನೊಂದು ಕಡೆ. ನಮ್ಮ ದೇಶದ ಉದ್ಯಮದ ಅತಿ ದೊಡ್ಡ ನಷ್ಟ ಇದು.

ಬಳಗ ಏನೆಲ್ಲ ಮಾಡಬಲ್ಲದು ಎಂಬುದಕ್ಕೆ ಉಡುಪಿ ಹೋಟೆಲುಗಳೇ ಸಾಕ್ಷಿ. ಕಡಂದಲೆಯ ಕೃಷ್ಣರಾಯರು ಅಡುಗೆಮನೆಯ ಚಾಕರಿಯಿಂದ ಮೇಲೆ ಬಂದು 1938ರಲ್ಲಿ ಮದರಾಸಿನ ರಾಯಪೇಟೆಯಲ್ಲಿ ವುಡ್‌ಲ್ಯಾಂಡ್ಸ್ ತೆರೆದರು. ಊರಿನಿಂದ ಬಂದ ಹುಡುಗ ಲೋಟ ತೊಳೆದು, ಸಪ್ಲೈಯರ್ ಆಗಿ, ಒಲೆಯ ಮುಂದೆ ನಿಂತು, ಕೊನೆಗೆ ಗಲ್ಲಾದಲ್ಲಿ ಕೂರುವಷ್ಟು ಬೆಳೆದು, ಇನ್ನೊಂದು ಊರಿನಲ್ಲಿ ಸ್ವಂತ ಹೋಟೆಲು ಇಡುವುದು ಆ ಕಾಲದ ದಾರಿ. ಮಾಲೀಕನೇ ಜಾಮೀನು, ಮಾಲೀಕನೇ ಗುರು. ಯಾವ ಕಾಲೇಜೂ ಕೊಡದ ಶಿಕ್ಷಣ ಅದು.

ಆ ಬಗೆಯ ಬಳಗ ಇಲ್ಲದವರಿಗೆ? ಅಹಮದಾಬಾದಿನ ಸೇವಾ ಬ್ಯಾಂಕಿನ ಮಹಿಳಾ ಗ್ರಾಹಕರಿಗೆ ಎರಡು ದಿನದ ಒಂದು ತರಬೇತಿ ನಡೆಯಿತು. ಹಣದ ಲೆಕ್ಕ, ವ್ಯಾಪಾರದ ಯೋಜನೆ, ಗೆದ್ದ ಹೆಂಗಸರ ಒಂದು ಕಿರುಚಿತ್ರ. ಅದರಲ್ಲಿ ಕೆಲವರನ್ನು ಒಬ್ಬೊಬ್ಬರೇ ಬನ್ನಿ ಎಂದು ಕರೆದರು, ಕೆಲವರಿಗೆ ಒಬ್ಬ ಗೆಳತಿಯನ್ನೂ ಕರೆತನ್ನಿ ಎಂದರು. ಪಾಠ ಒಂದೇ, ಕಲಿಸಿದವರೂ ಅವರೇ. ನಾಲ್ಕು ತಿಂಗಳ ಮೇಲೆ ನೋಡಿದರೆ ಗೆಳತಿಯೊಂದಿಗೆ ಬಂದವರೇ ಸಾಲ ತೆಗೆದು ವ್ಯಾಪಾರಕ್ಕೆ ಹಾಕಿದ್ದರು, ಮನೆಯ ಆದಾಯವನ್ನೂ ಹೆಚ್ಚಿಸಿಕೊಂಡಿದ್ದರು. ಒಂಟಿಯಾಗಿ ಬಂದವರಲ್ಲಿ ಅಂಥ ಬದಲಾವಣೆ ಕಾಣಲಿಲ್ಲ. ಹೆಂಗಸರು ಹೊರಗೆ ಓಡಾಡುವುದಕ್ಕೆ ಹೆಚ್ಚು ಕಟ್ಟುಪಾಡುಗಳಿದ್ದ ಮನೆಗಳವರಿಗೇ ಗೆಳತಿಯ ಜೊತೆಯಿಂದ ಹೆಚ್ಚು ಪ್ರಯೋಜನವಾಗಿತ್ತು. ರೋಹಿಣಿ ಪಾಂಡೆ ಮತ್ತು ಸಂಗಡಿಗರ ಈ ಅಧ್ಯಯನವನ್ನು ನಮ್ಮ ಸ್ತ್ರೀಶಕ್ತಿ ಸಂಘಗಳ ಪ್ರತಿಯೊಬ್ಬ ಮೇಲ್ವಿಚಾರಕಿಯೂ ಓದಬೇಕು. ಇಷ್ಟು ಕಡಿಮೆ ಖರ್ಚಿನಲ್ಲಿ ಇಷ್ಟು ದೊಡ್ಡ ಫಲ ಕೊಡುವ ಸುಧಾರಣೆ ಇನ್ನೊಂದು ಸಿಗುವುದು ಕಷ್ಟ.

ಕಾಗದ ಮೊದಲೋ, ಗಿರಾಕಿ ಮೊದಲೋ

ಇಷ್ಟೆಲ್ಲ ತಿಳಿದ ಮೇಲೂ ನಮ್ಮ ಯೋಜನೆಗಳು ಕೇಳುವ ಮೊದಲ ಕಾಗದ ಪ್ರಾಜೆಕ್ಟ್ ರಿಪೋರ್ಟ್. ಜೋಳದ ರೊಟ್ಟಿ ಬಡಿದು ಮಾರಬೇಕೆಂದಿರುವ ಹೆಣ್ಣುಮಗಳಿಂದ ಮುಂದಿನ ವರ್ಷಗಳ ಅಂದಾಜು ಲಾಭನಷ್ಟದ ಪಟ್ಟಿ ಕೇಳುತ್ತೇವೆ. ಅವಳು ದುಡ್ಡು ಕೊಟ್ಟು ಅದನ್ನು ಯಾರಿಂದಲೋ ಟೈಪ್ ಮಾಡಿಸಿ ತರುತ್ತಾಳೆ. ಬರೆದವನಿಗೆ ಒಲೆಯ ಕಾವು ಗೊತ್ತಿಲ್ಲ, ಬಡಿಯುವವಳಿಗೆ ಕಾಗದದಲ್ಲೇನಿದೆ ಗೊತ್ತಿಲ್ಲ. ಅದರ ಬದಲು, ಕಳೆದ ತಿಂಗಳು ಯಾರು ಯಾರು ನಿನ್ನ ರೊಟ್ಟಿ ಕೊಂಡರು, ಎರಡನೆಯ ಸಲ ಬಂದವರೆಷ್ಟು, ಮುಂಗಡ ಕೊಟ್ಟ ಖಾನಾವಳಿ ಯಾವುದು, ಕೈಬಿಟ್ಟರೆ ಎಷ್ಟು ಹೋಗುತ್ತದೆ, ಅದನ್ನು ಮನೆ ತಡೆದುಕೊಳ್ಳುತ್ತದೆಯೇ ಎಂದು ಕೇಳಿದರೆ ಅವಳೇ ಬಾಯಿಯಲ್ಲಿ ಹೇಳಬಲ್ಲಳು. ಬ್ಯಾಂಕಿಗೂ ಅದೇ ಹೆಚ್ಚು ಉಪಯೋಗದ ಮಾಹಿತಿ.

ಬ್ಯಾಂಕುಗಳು ಮೊದಲ ಸಣ್ಣ ಸಾಲಕ್ಕಾದರೂ ಈ ಪ್ರಶ್ನೆಗಳನ್ನೇ ಅರ್ಜಿಯಾಗಿಸಲಿ. ಕಾಲೇಜುಗಳು ಉದ್ಯಮಶೀಲತೆಯ ಪತ್ರಿಕೆಗೆ ಉತ್ತರ ಬರೆಯಿಸುವ ಮೊದಲು ವಿದ್ಯಾರ್ಥಿಯಿಂದ ಏನನ್ನಾದರೂ ನಿಜವಾಗಿ ಮಾರಿಸಲಿ. ತರಬೇತಿ ಕೇಂದ್ರಗಳು ಹೆಣ್ಣುಮಕ್ಕಳನ್ನು ಜೋಡಿಯಾಗಿ ಸೇರಿಸಿಕೊಳ್ಳಲಿ.

ನೀವು ಓದುಗರು ಇದಕ್ಕೆಲ್ಲ ಕಾಯಬೇಕಾಗಿಲ್ಲ. ನಿಮ್ಮ ಜಿಲ್ಲೆಯಲ್ಲೂ ಒಂದು ರುಡ್‌ಸೆಟ್ ಅಥವಾ ಆರ್‌ಸೆಟಿ ಕೇಂದ್ರ ಇದ್ದೇ ಇರುತ್ತದೆ. ಎಲ್ಲಿದೆಯೆಂದು ಲೀಡ್ ಬ್ಯಾಂಕ್ ಕಚೇರಿಯಲ್ಲಿ ಕೇಳಿದರೆ ಹೇಳುತ್ತಾರೆ. ಗ್ರಾಮೀಣ ಯುವಜನರಿಗೆ ಅಲ್ಲಿ ತರಬೇತಿ, ಊಟ, ವಸತಿ ಎಲ್ಲವೂ ಉಚಿತ. ನಿಮ್ಮ ಮನೆಯ ಮಗಳೋ ಸೊಸೆಯೋ ಹೋಗುವುದಾದರೆ, ಪಕ್ಕದ ಮನೆಯವಳನ್ನೂ ಜೊತೆಗೆ ಕಳಿಸಿ.